ಹೊಸ ಮನೆಗೆ ಬಂದ ಹಾವು

ನಮ್ಮ ಬಳಗದ ಹುಡುಗನೊಬ್ಬ ಇಂಗ್ಲೆಂಡಿನಲ್ಲಿ ಹಾವು ಸಾಕತೊಡಗಿದ್ದಾನೆಂಬ ವಾರ್ತೆ ನಿಮ್ಮಲ್ಲಿ ಅನೇಕರಿಗೆ ಈಗಾಗಲೇ ತಲುಪಿದೆ. ಹಾವನ್ನು ಸಾಕುವುದು ತರವೇ ಎಂಬ ಚರ್ಚೆ ಮನೆಮನೆಯಲ್ಲೂ ಸಾಕಷ್ಟು ಆಗಿರುವುದರಿಂದ ನಾನದಕ್ಕೆ ಕೈಹಾಕುವುದಿಲ್ಲ. ನಾನು ಬರೆಯಹೊರಟಿರುವುದು ಬೇರೆ. ಅದು ಮನೆಗೆ ಬಂದ ದಿನದಿಂದಲೂ ಹಿರಿಯರಾದಿಯಾಗಿ ಎಲ್ಲರೂ ವಿಡಿಯೋ ಕರೆಯಲ್ಲಿ "ಎಲ್ಲಿ, ಕೈಗೆತ್ತಿಕೊಂಡು ತೋರಿಸೋ" ಎಂದು ಒತ್ತಾಯಿಸುತ್ತಿದ್ದಾರೆ. "ಈಗಲೇ ಮುಟ್ಟುವ ಹಾಗಿಲ್ಲ, ಅಜ್ಜ" ಎಂದರೆ ಪುಕ್ಕಲನೆಂದು ನಗುತ್ತಾರೆ. ಹುಡುಗನ ಮಾತೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅವನು ತಂದಿರುವುದು ಕಾರ್ನ್ ಸ್ನೇಕ್ ಎಂಬ ಜಾತಿಯ ಮರಿ. ಮೂಲತಃ ಅಮೆರಿಕದ ಆಗ್ನೇಯ ಭಾಗದ್ದು. ವಿಷವಿಲ್ಲ, ನಮ್ಮ ಕೇರೆಹಾವಿನ ಕುಟುಂಬಕ್ಕೇ ಸೇರಿದ ಜೀವಿ. ಬೆಳೆದರೆ ಸಾಮಾನ್ಯವಾಗಿ ಮೂರರಿಂದ ಐದು ಅಡಿ ಉದ್ದವಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ 15-20 ವರ್ಷ ಬಾಳುತ್ತದೆ. ಅಷ್ಟು ವರ್ಷ ಜೊತೆಗಿರಬೇಕಾದ ಪ್ರಾಣಿಗೆ ಮೊದಲ ಎರಡು ಮೂರು ವಾರಗಳ ಏಕಾಂತವನ್ನು ಕೊಡಲಾರದಷ್ಟು ಆತುರ ನಮಗೇಕೆ?

ಹಾವಿಗೆ ಹೊಸ ಸ್ಥಳವೆಂದರೆ ಮೊದಲಿಗೆ ಹೊಸ ವಾಸನೆ. ಸೀಳುನಾಲಿಗೆಯನ್ನು ಚಾಚಿ ಗಾಳಿಯಲ್ಲಿರುವ ಕಣಗಳನ್ನು ಹಿಡಿದು, ಬಾಯಿಯ ಮೇಲ್ಛಾವಣಿಯಲ್ಲಿರುವ ಜೇಕಬ್ಸನ್ ಅಂಗಕ್ಕೆ ಒಪ್ಪಿಸಿ, ಅದು ತನ್ನ ಲೋಕವನ್ನು ಅರಿಯುತ್ತದೆ. ಅದಕ್ಕೆ ಹೊರಗಿವಿ ಇಲ್ಲ, ಒಳಗಿವಿ ಇದೆ. ನಾವು ನಡೆದಾಡಿದ ಅದುರು ಕೆಳದವಡೆಯ ಮೂಲಕ ಅದಕ್ಕೆ ಮುಟ್ಟುತ್ತದೆ. ರೆಪ್ಪೆಯಿಲ್ಲದ್ದರಿಂದ ಕಣ್ಣುಮುಚ್ಚಿ ಕುಳಿತುಕೊಳ್ಳುವ ಸೌಕರ್ಯವೂ ಇಲ್ಲ. ಇಂಥ ಪ್ರಾಣಿಯ ಮೇಲೆ ಮೊದಲ ದಿನವೇ ಮೇಲಿನಿಂದ ಕೈಯೊಂದು ಇಳಿದು ಬಂದರೆ, ಅದರ ಪಾಲಿಗೆ ಅದು ಹದ್ದಿನ ಕಾಲೇ ಹೊರತು ಪ್ರೀತಿಯ ಕೈಯಲ್ಲ.

ಆದ್ದರಿಂದ ಮೊದಲು ಅಡಗುವ ತಾಣ ಬೇಕು. ಗಾಜಿನ ಪೆಟ್ಟಿಗೆಯ ಒಂದು ತುದಿಯನ್ನು ಥರ್ಮೋಸ್ಟ್ಯಾಟಿನ ಹತೋಟಿಯಲ್ಲಿ ಸುಮಾರು 28ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿಟ್ಟು, ಇನ್ನೊಂದು ತುದಿಯನ್ನು ತಂಪಾಗಿಡುತ್ತಾರೆ. ಎರಡು ಕಡೆಯೂ ಒಂದೊಂದು ಗೂಡು ಇರಲೇಬೇಕು. ಒಂದೇ ಗೂಡಿಟ್ಟರೆ ಹೆದರಿದ ಹಾವು ಅದನ್ನು ಬಿಟ್ಟು ಬರುವುದೇ ಇಲ್ಲ. ಗೂಡು ತಂಪು ಕಡೆ ಇದ್ದರೆ ಮೈಗೆ ಬಿಸಿ ಸಿಗದು, ಬಿಸಿಯಿಲ್ಲದೆ ತಿಂದದ್ದು ಜೀರ್ಣವಾಗದು. ನೀರಿನ ಬಟ್ಟಲು, ಭದ್ರವಾದ ಮುಚ್ಚಳ ಇವು ಹೇಳದೆಯೂ ತಿಳಿಯುವಂಥವು. ಆದರೂ ಮುಚ್ಚಳದ ವಿಷಯವನ್ನು ಎರಡು ಸಲ ಹೇಳಬೇಕು, ಏಕೆಂದರೆ ಈ ಜಾತಿ ತಪ್ಪಿಸಿಕೊಳ್ಳುವುದರಲ್ಲಿ ಬಹಳ ಗಟ್ಟಿಗ.

ಮೊದಲ ಐದಾರು ದಿನ ನೀರು ಬದಲಿಸುವುದನ್ನು ಬಿಟ್ಟರೆ ಬೇರೇನೂ ಮಾಡಬಾರದು. ಬಳಿಕ ಹೆಪ್ಪುಗಟ್ಟಿಸಿದ ಇಲಿಮರಿಯನ್ನು ಪೂರ್ತಿ ಕರಗಿಸಿ, ಬೆಚ್ಚಗೆ ಮಾಡಿ ಕೊಡುತ್ತಾರಂತೆ. (ಈರುಳ್ಳಿಯೂ ಒಳಗೆ ಬಾರದ ನಮ್ಮ ವಂಶದವರ ಮನೆಯಲ್ಲಿ ಇದಕ್ಕೆಂದೇ ಒಂದು ಪುಟ್ಟ ಫ್ರೀಜರ್ ಕೊಂಡಿದ್ದಾರೆ!) ಎರಡು ಮೂರು ಊಟವನ್ನು ತಕರಾರಿಲ್ಲದೆ ತಿಂದಮೇಲೆ ಮಾತ್ರ ಕೈಗೆತ್ತಿಕೊಳ್ಳುವ ಮಾತು. ಹಾವು ತನ್ನ ನೆಮ್ಮದಿಯನ್ನು ತಿಳಿಸುವುದು ತಿನ್ನುವುದರ ಮೂಲಕವೇ. ಬೆದರಿದ ಹಾವು ಊಟ ಬಿಡುತ್ತದೆ. ತಿಂದ ಬೆನ್ನಿಗೇ ಎತ್ತಿಕೊಂಡರೆ ತಿಂದದ್ದನ್ನು ಕಕ್ಕುತ್ತದೆ. ಎಳೆಯ ಮರಿಗೆ ಇದು ಪ್ರಾಣಕ್ಕೇ ಕುತ್ತಾಗಬಹುದು. ಊಟವಾದಮೇಲೆ ಎರಡು ದಿನ ಮುಟ್ಟಬಾರದೆಂಬ ನಿಯಮ ಹುಟ್ಟಿದ್ದು ಹೀಗೆ.

ವರ್ಷದ ನಡುವೆ ತಂದೆಯ ವರ್ಗಾವಣೆಯಿಂದ ಬಂದು ಸೇರಿದ ಹುಡುಗನನ್ನು ಮೊದಲ ದಿನವೇ ಎದ್ದು ನಿಲ್ಲಿಸಿ ಪದ್ಯ ಹೇಳಿಸಿದರೆ, ಅವನು ತಿಂಗಳುಗಟ್ಟಲೆ ಬಾಯಿ ಬಿಡದಿರುವುದನ್ನು ಅಧ್ಯಾಪಕರೆಲ್ಲ ಕಂಡಿದ್ದಾರೆ. ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು. ಹುಡುಗ ಮುಂದೆ ಗುರುವನ್ನು ಪ್ರೀತಿಸಿಯಾನು, ಹಾವು ಪ್ರೀತಿಸುವುದಿಲ್ಲ. ಅದು ಪಳಗಿತೆಂದರೆ, ಈ ಕೈಯಿಂದ ಅಪಾಯವಿಲ್ಲವೆಂದು ಅರಿಯಿತು ಎಂದಷ್ಟೇ ಅರ್ಥ. ಇದನ್ನು ಒಪ್ಪಿಕೊಳ್ಳಲಾರದವರು ನಾಯಿ ಸಾಕುವುದು ಲೇಸು.

ಹಾವಿಗೆ ಬೇಕಾದುದನ್ನು ಬಿಟ್ಟು ನಮಗೆ ತೋಚಿದ್ದನ್ನು ಕೊಡುವ ಚಾಳಿ ನಮ್ಮಲ್ಲಿ ಹಳೆಯದು. ನಾಗರಪಂಚಮಿಗೆಂದು ಹಿಡಿದ ಹಾವನ್ನು ದಿನಗಟ್ಟಲೆ ನೀರಿಲ್ಲದೆ ಬುಟ್ಟಿಯಲ್ಲಿಟ್ಟು, ಬಾಯಾರಿ ಹಾಲು ಹೀರಿದಾಗ ಭಕ್ತಿಯಿಂದ ಕೈಮುಗಿಯುತ್ತಿದ್ದರು. ಹಾಲು ಹಾವಿನ ಆಹಾರವೇ ಅಲ್ಲ. ಅಂದಹಾಗೆ, ಈ ಲೇಖನ ಓದಿ ಇಲ್ಲಿಯ ಮೊಮ್ಮಕ್ಕಳಾರೂ ಕೇರೆಹಾವು ಹಿಡಿದು ತರದಿರಲಿ. ಅದನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಕೊನೆಗೆ ಎತ್ತಿಕೊಳ್ಳುವ ದಿನ ಬಂದಾಗಲೂ ತಲೆಯ ಕಡೆಯಿಂದಾಗಲಿ ಮೇಲಿನಿಂದಾಗಲಿ ಕೈಹಾಕದೆ, ಪಕ್ಕದಿಂದ ನಡುಮೈಗೆ ಆಸರೆ ಕೊಟ್ಟು ಎತ್ತಬೇಕು. ಐದು ನಿಮಿಷ ಸಾಕು. ಕಣ್ಣು ಹಾಲುನೀಲಿಯಾಗಿದ್ದರೆ ಪೊರೆ ಬಿಡುವ ಕಾಲವೆಂದು ತಿಳಿದು, ಪೊರೆ ಕಳಚುವವರೆಗೂ ಅದರ ಪಾಡಿಗೆ ಬಿಡಬೇಕು. ಮುಟ್ಟಿದ ಪ್ರತಿಸಲವೂ ಸೋಪಿನಿಂದ ಕೈ ತೊಳೆಯಬೇಕು. ಆರೋಗ್ಯವಾಗಿರುವ ಹಾವಿನ ಮೈಯಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯ ಇರುತ್ತದೆ. ಅಲ್ಲಿಯವರೆಗೆ, ಬಂಧುಗಳೇ, ಫೋನು ಮಾಡಿದಾಗ "ತೋರಿಸು" ಎನ್ನಬೇಡಿ. "ಊಟ ಮಾಡಿತೇ" ಎಂದು ಕೇಳಿ. ನಿನ್ನೆಯವರೆಗಿನ ಸಮಾಚಾರ: ಒಂದು ಊಟವಾಗಿದೆ.