ಬನ್ನೇರುಘಟ್ಟದ ಅಂಕಪಟ್ಟಿಯನ್ನು ಚನ್ನಪಟ್ಟಣದ ಹೊಲದಲ್ಲಿ ನಿಂತು ಓದೋಣ

ದೊಡ್ಡಮಳೂರಿಗೆ ಬರುವವರು ಅಪ್ರಮೇಯ ಸ್ವಾಮಿಗೆ ಕೈಮುಗಿದು, ಅಂಬೆಗಾಲು ಕೃಷ್ಣನನ್ನು ನೋಡಿಕೊಂಡು, ಮೈಸೂರು ರಸ್ತೆ ಹಿಡಿದು ಹೊರಟುಬಿಡುತ್ತಾರೆ. ಅಲ್ಲಿಂದ ಕನಕಪುರದ ದಿಕ್ಕಿಗೆ, ತೆಂಗಿನಕಲ್ಲು ಕಾಡಿನ ಕಡೆಯ ಹಳ್ಳಿಗಳಿಗೆ ಹೋದರೆ ಬೇರೆಯದೇ ಚನ್ನಪಟ್ಟಣ ಸಿಗುತ್ತದೆ. ಸಂಜೆ ಏಳಾದರೆ ಬೈಕ್ ತೆಗೆಯೋಕೆ ಯೋಚನೆ ಮಾಡುವ ಊರುಗಳು. ಮಾವು, ತೆಂಗು, ಬಾಳೆ, ರಾಗಿ ಎಲ್ಲವನ್ನೂ ರಾತ್ರಿ ಕಾಯಬೇಕಾದ ಹೊಲಗಳು. ಇಲ್ಲಿಗೆ ಆನೆ ಬರುವುದು ಈಗ ಸುದ್ದಿಯೂ ಅಲ್ಲ. ಯಾರಾದರೂ ಸತ್ತರೆ ಮಾತ್ರ ಸುದ್ದಿ.

ಈ ಆನೆಗಳ ಲೆಕ್ಕ ಇಡಬೇಕಾದ ಮುಖ್ಯ ಜಾಗಗಳಲ್ಲಿ ಒಂದು ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ. ಅದರ ಗಡಿ ದೊಡ್ಡಮಳೂರಿನಿಂದ ಕಣ್ಣಿಗೆ ಕಾಣೋದಿಲ್ಲ. ಆದರೆ ಆ ಉದ್ಯಾನ ತನ್ನ ಗುರಿಯನ್ನು ಎಷ್ಟರ ಮಟ್ಟಿಗೆ ಮುಟ್ಟಿದೆ ಅಂತ ತಿಳಿಯಬೇಕಾದರೆ, ಸಫಾರಿ ಗೇಟಿನಲ್ಲಿ ಅಲ್ಲ, ಇಲ್ಲಿ ನಿಂತು ನೋಡಬೇಕು ಎಂಬುದು ನನ್ನ ವಾದ.

ಗುರಿ ಏನಾಗಿತ್ತು?

ಬೆಂಗಳೂರಿನ ಬಹಳ ಜನರಿಗೆ ಬನ್ನೇರುಘಟ್ಟ ಅಂದರೆ ಹುಲಿ ಸಫಾರಿ, ಚಿಟ್ಟೆ ಪಾರ್ಕು. ಅದು ಜೈವಿಕ ಉದ್ಯಾನ. 2002ರಲ್ಲೇ ಅದನ್ನು ಬೇರೆ ಮಾಡಿ ಮೃಗಾಲಯ ಪ್ರಾಧಿಕಾರದ ಕೈಗೆ ಕೊಟ್ಟಾಗಿದೆ. ನಾನು ಹೇಳುತ್ತಿರುವುದು ಅದರ ಹಿಂದಿನ ಕಾಡು. 1974ರಲ್ಲಿ ಸುಮಾರು 104 ಚದರ ಕಿಲೋಮೀಟರ್ ಇದ್ದ ರಾಷ್ಟ್ರೀಯ ಉದ್ಯಾನವನ್ನು 2011ರಲ್ಲಿ 260.51 ಚದರ ಕಿಲೋಮೀಟರ್‌ಗೆ ಹಿಗ್ಗಿಸಲಾಯಿತು. ಬೆಂಗಳೂರಿನ ಅಂಚಿನಿಂದ ಆನೇಕಲ್, ಹಾರೋಹಳ್ಳಿ, ಕೋಡಿಹಳ್ಳಿ ಕಡೆಗೆ ಉದ್ದಕ್ಕೆ, ಕೆಲವು ಕಡೆ ತೀರಾ ಸಣಕಲಾಗಿ ಚಾಚಿಕೊಂಡಿರುವ ಕಾಡು ಇದು. ದಕ್ಷಿಣದಲ್ಲಿ ಕಾವೇರಿ ವನ್ಯಧಾಮಕ್ಕೂ ತಮಿಳುನಾಡಿನ ತಳಿ, ಹೊಸೂರು ಕಾಡುಗಳಿಗೂ ತಾಗುತ್ತದೆ.

ಈ ನಕ್ಷೆಯನ್ನು ಒಮ್ಮೆ ನೋಡಿದರೆ ಉದ್ಯಾನದ ನಿಜವಾದ ಕೆಲಸ ಏನು ಅಂತ ಗೊತ್ತಾಗುತ್ತದೆ. ಆನೆಗಳನ್ನು ಕೂಡಿಹಾಕುವಷ್ಟು ದೊಡ್ಡ ಕಾಡು ಇದಲ್ಲ. ಇದು ಒಂದು ದಾರಿ. ಕರಡಿಕಲ್–ಮಾದೇಶ್ವರ ಕಾರಿಡಾರ್‌ನಂಥ ಕಿರಿದಾದ ಜಾಗಗಳು ತೆರೆದಿದ್ದರೆ ಆನೆ ಕಾವೇರಿ ಕಡೆಗೆ ಹೋಗಿ ಬರುತ್ತದೆ. ಅವು ಕಟ್ಟಿಹೋದರೆ ಪಕ್ಕಕ್ಕೆ ತಿರುಗುತ್ತದೆ. ಪಕ್ಕಕ್ಕೆ ಅಂದರೆ ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ.

ಹಾಗಾಗಿ ಉದ್ಯಾನದ ಗುರಿಯನ್ನು ಮೂರು ಮಾತಿನಲ್ಲಿ ಹೇಳಬಹುದು: ಕಾಡು ಉಳಿಯಬೇಕು, ಆನೆಗೆ ದಾರಿ ಇರಬೇಕು, ಅಂಚಿನ ಜನ ಬದುಕಬೇಕು. ಇದರಲ್ಲಿ ಎಷ್ಟು ಆಗಿದೆ ಅಂತ ಯಾರು ಅಳೆಯುತ್ತಾರೆ?

ಅಂಕ ಕೊಡುವವರು ಯಾರು?

ಅಳೆಯೋಕೆ ವ್ಯವಸ್ಥೆ ಇಲ್ಲ ಅಂತಲ್ಲ. ಕೇಂದ್ರ ಪರಿಸರ ಸಚಿವಾಲಯ ಮತ್ತು ಭಾರತೀಯ ವನ್ಯಜೀವಿ ಸಂಸ್ಥೆ ಸೇರಿ 2006ರಿಂದ ರಾಷ್ಟ್ರೀಯ ಉದ್ಯಾನ ಮತ್ತು ವನ್ಯಧಾಮಗಳ ನಿರ್ವಹಣೆಗೆ ಅಂಕ ಕೊಡುತ್ತಾ ಬಂದಿವೆ. ಉದ್ಯಾನದ ಸ್ಥಿತಿಗತಿ, ಯೋಜನೆ, ಅದಕ್ಕೆ ಸಿಕ್ಕ ಹಣ ಮತ್ತು ಸಿಬ್ಬಂದಿ, ಕೆಲಸ ನಡೆದ ರೀತಿ, ಆದ ಕೆಲಸ, ಕೊನೆಗೆ ಅದರಿಂದ ಬಂದ ಫಲ – ಹೀಗೆ ಆರು ಭಾಗಗಳ ಪ್ರಶ್ನಾವಳಿ ಅದು. 2018–19ರಲ್ಲಿ ದೇಶದ 146 ಉದ್ಯಾನ, ವನ್ಯಧಾಮಗಳನ್ನು ಹೀಗೆ ನೋಡಿದಾಗ ಸರಾಸರಿ ಅಂಕ ಶೇ 62ರಷ್ಟು ಬಂತು. ಜಾಗತಿಕ ಸರಾಸರಿ ಶೇ 56 ಅಂತ ಹೇಳಿ ಆಗ ಹೆಮ್ಮೆಯನ್ನೂ ಪಟ್ಟರು.

ಆರರಲ್ಲಿ ಮೊದಲ ಐದು ಭಾಗಗಳು ಇಲಾಖೆ ಏನು ಮಾಡಿತು ಅನ್ನುವುದರ ಸುತ್ತ ಇವೆ. ಏನಾಯಿತು ಅಂತ ಕೇಳುವುದು ಕೊನೆಯ ಭಾಗ. ಯೋಜನೆ ಬರೆದಿದ್ದೀರಾ? ಹೌದು. ಸಿಬ್ಬಂದಿ ಇದ್ದಾರಾ? ಅಷ್ಟೋ ಇಷ್ಟೋ. ಬೇಲಿ ಹಾಕಿದ್ದೀರಾ? ಹಾಕಿದ್ದೇವೆ. ಇದಕ್ಕೆಲ್ಲ ಅಂಕ ಸಿಗುತ್ತದೆ. ಪರೀಕ್ಷೆಗೆ ಓದಿದ್ದಕ್ಕೇ ಅರ್ಧಕ್ಕಿಂತ ಹೆಚ್ಚು ಮಾರ್ಕ್ಸ್ ಕೊಟ್ಟ ಹಾಗೆ. ಇಡೀ ಉದ್ಯಾನಕ್ಕೆ ಒಂದೇ ಅಂಕ ಬರುವುದರಿಂದ, ಗಡಿಯಾಚೆ ಚನ್ನಪಟ್ಟಣದ ಹೊಲದಲ್ಲಿ ಆದದ್ದು ಅದರಲ್ಲಿ ಕರಗಿಹೋಗುತ್ತದೆ.

ಕಿಲೋಮೀಟರ್ ಲೆಕ್ಕದ ಮೋಸ

ನಮ್ಮ ಮಂತ್ರಿಗಳು, ಅಧಿಕಾರಿಗಳು ಪ್ರಗತಿ ಅಂತ ಹೇಳುವ ಅಂಕಿಗಳಲ್ಲಿ ಮೊದಲನೆಯದು ರೈಲ್ವೆ ಕಂಬಿಯ ತಡೆಗೋಡೆ. ಕಿಲೋಮೀಟರಿಗೆ ಒಂದು ಕೋಟಿ ರೂಪಾಯಿಗೂ ಮೇಲೆ ಬೀಳುವ ಕೆಲಸ. ಇದು ಬೇಡ ಅಂತ ನಾನು ಹೇಳ್ತಿಲ್ಲ. ಕಂದಕ ಮಳೆಗೆ ಕುಸಿಯುತ್ತದೆ, ಸೋಲಾರ್ ಬೇಲಿಯ ಮೇಲೆ ಮರ ಕೆಡವಿ ಆನೆ ದಾಟುತ್ತದೆ, ಕಂಬಿ ಇವೆರಡಕ್ಕಿಂತ ಗಟ್ಟಿ.

ಆದರೆ ನೂರಕ್ಕೆ ತೊಂಬತ್ತು ಭಾಗ ಬೇಲಿ ಮುಗಿದರೆ ತೊಂಬತ್ತು ಭಾಗ ರಕ್ಷಣೆ ಸಿಕ್ಕಿತು ಅಂತ ಅರ್ಥವಲ್ಲ. ಹೊಳೆ ಹರಿಯುವ ಜಾಗ, ಬಂಡೆ ಇರುವ ಜಾಗ, ಜಮೀನಿನ ತಕರಾರು ಇರುವ ಜಾಗ ಬಿಟ್ಟುಹೋಗುತ್ತದೆ. ಮೊದಲು ಹತ್ತು ಕಡೆ ಹಂಚಿಹೋಗುತ್ತಿದ್ದ ಆನೆಗಳು ಆಮೇಲೆ ಆ ಒಂದೇ ಕಿಂಡಿಯಲ್ಲಿ ಬರುತ್ತವೆ. ಕಿಂಡಿಯ ಎದುರಿನ ಊರಿಗೆ ಈ ‘ಪ್ರಗತಿ’ಯೇ ಶಾಪ.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ತೆಂಗಿನಕಲ್ಲು, ಕಬ್ಬಾಳು ಕಡೆಯ ಸಣ್ಣ ಕಾಡುಗಳಲ್ಲಿ ಆನೆಗಳು ಬಂದು ಹೋಗುವುದಷ್ಟೇ ಅಲ್ಲ, ಉಳಿಯುತ್ತವೆ. ಕೆರೆಗಳಲ್ಲಿ ನೀರಿದೆ, ಸುತ್ತ ವರ್ಷವಿಡೀ ಒಂದಲ್ಲ ಒಂದು ಬೆಳೆ ಇದೆ. ಅವು ಹೊರಗಿರುವಾಗಲೇ ಉದ್ಯಾನದ ಗಡಿಗೆ ಬೇಲಿ ಮುಗಿಸಿದರೆ, ಅದು ಒಳಬರುವುದನ್ನು ತಡೆಯುವ ಬೇಲಿಯಾಗುವುದಿಲ್ಲ, ವಾಪಸ್ ಹೋಗುವುದನ್ನು ತಡೆಯುವ ಬೇಲಿಯಾಗುತ್ತದೆ. 2018ರ ಡಿಸೆಂಬರ್‌ನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿಯಲ್ಲಿ ಕಾಡಿಗೆ ಮರಳಲು ಕಂಬಿ ಹತ್ತಿದ ಸಲಗ ಅದರ ಮೇಲೆಯೇ ಸತ್ತ ಚಿತ್ರ ಇಡೀ ದೇಶ ನೋಡಿತ್ತು.

ಎರಡನೆಯ ಅಂಕಿ ಪರಿಹಾರದ್ದು. ಆನೆ ತುಳಿದು ಸತ್ತವರ ಕುಟುಂಬಕ್ಕೆ ಕೊಡುವ ಹಣವನ್ನು 2022ರ ಕೊನೆಯಲ್ಲಿ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿಸಿದರು. ಅದು ಆಗಬೇಕಾದದ್ದೇ. ಆದರೆ ಪರಿಹಾರ ಹೆಚ್ಚಾಗುವುದು ಸೋಲಿನ ಬೆಲೆ ಹೆಚ್ಚಾದದ್ದೇ ಹೊರತು ಗುರಿ ಮುಟ್ಟಿದ್ದಲ್ಲ. ಬೆಳೆ ನಷ್ಟದ ಅರ್ಜಿ ಕಡಿಮೆಯಾದರೂ ಖುಷಿಪಡುವ ಹಾಗಿಲ್ಲ. ಬಾಳೆ ಇಟ್ಟರೆ ಆನೆಗೇ ಅಂತ ಬಾಳೆ ಇಡುವುದನ್ನೇ ಬಿಟ್ಟ ರೈತ ಅರ್ಜಿ ಹಾಕೋದಿಲ್ಲ. ಗುತ್ತಿಗೆಗೆ ಹೊಲ ಮಾಡಿದವರ ಹೆಸರು ಪಹಣಿಯಲ್ಲೇ ಇರೋದಿಲ್ಲ. ರಾತ್ರಿ ಕಾವಲು ಮುಗಿಸಿ ಬೆಳಗ್ಗೆ ಬಿಡದಿಯ ಕಾರ್ಖಾನೆಗೆ ಪಾಳಿಗೆ ಹೋಗುವ ಹುಡುಗನ ನಿದ್ದೆಗೆ ಯಾವ ಕಾಲಂ ಇದೆ?

ಆನೆ ಒಂದು, ಕಚೇರಿ ಮೂರು

ಬನ್ನೇರುಘಟ್ಟದಲ್ಲಿದ್ದಾಗ ಆನೆ ಒಂದು ವನ್ಯಜೀವಿ ವಿಭಾಗದ್ದು. ಕಾವೇರಿ ವನ್ಯಧಾಮಕ್ಕೆ ಇಳಿದರೆ ಇನ್ನೊಂದು ವಿಭಾಗದ್ದು. ತೆಂಗಿನಕಲ್ಲಿಗೋ ಸಾವನದುರ್ಗಕ್ಕೋ ಬಂದರೆ ರಾಮನಗರದ ಪ್ರಾದೇಶಿಕ ವಿಭಾಗದ್ದು. ಪ್ರತಿಯೊಂದಕ್ಕೂ ಬೇರೆ ಡಿಸಿಎಫ್, ಬೇರೆ ಯೋಜನೆ, ಬೇರೆ ಬಜೆಟ್. ಒಂದು ವಿಭಾಗ ಆನೆಯನ್ನು ‘ಯಶಸ್ವಿಯಾಗಿ ಓಡಿಸಿದರೆ’ ಅದು ಪಕ್ಕದ ವಿಭಾಗದ ಸಮಸ್ಯೆಯಾಗುತ್ತದೆ. ಇಬ್ಬರ ವರದಿಯಲ್ಲೂ ಕೆಲಸ ಆಗಿರುತ್ತದೆ.

ಹೀಗೆ ಯಾರ ಲೆಕ್ಕಕ್ಕೂ ಸೇರದೆ ಹೋದ ಎರಡು ಆನೆಗಳನ್ನು ಈ ಸೀಮೆಯವರು ಮರೆತಿಲ್ಲ. 2016ರಲ್ಲಿ ಕಾಲು ಮುರಿದುಕೊಂಡ ಸಿದ್ದ ಮಾಗಡಿ ತಾಲ್ಲೂಕಿನ ಮಂಚನಬೆಲೆ ಜಲಾಶಯದ ಹಿನ್ನೀರಿನಲ್ಲಿ ವಾರಗಟ್ಟಲೆ ಬಿದ್ದುಕೊಂಡಿದ್ದ. ಜನ ರೊಚ್ಚಿಗೆದ್ದ ಮೇಲೆ ಚಿಕಿತ್ಸೆಗೆ ವೇಗ ಬಂತು, ಸೇನೆಯ ಎಂಜಿನಿಯರ್‌ಗಳು ಬಂದು ಅವನಿಗೆ ಒರಗಿಕೊಳ್ಳಲು ಕಬ್ಬಿಣದ ಚೌಕಟ್ಟು ಕಟ್ಟಿದರು. ಡಿಸೆಂಬರ್‌ನಲ್ಲಿ ಸತ್ತ. ಅದೇ ವರ್ಷದ ಕೊನೆಯಲ್ಲಿ ಬನ್ನೇರುಘಟ್ಟ ಭಾಗದಲ್ಲಿ ಹಿಡಿದ ರಂಗನನ್ನು ನಾಗರಹೊಳೆಯ ಮತ್ತಿಗೋಡು ಶಿಬಿರಕ್ಕೆ ಸಾಗಿಸಿದರು. 2018ರ ಅಕ್ಟೋಬರ್‌ನಲ್ಲಿ ಅಲ್ಲಿನ ರಸ್ತೆಯಲ್ಲಿ ಬಸ್ಸು ಗುದ್ದಿ ಸತ್ತ. ಇಬ್ಬರೂ ಸುದ್ದಿಯಾದರು. ದಾರಿಯ ಪ್ರಶ್ನೆ ಹಾಗೇ ಉಳಿಯಿತು.

ರಾಜ್ಯದ ಆನೆ ಸಂಖ್ಯೆಯೂ ಇಲ್ಲಿ ನೆರವಿಗೆ ಬರೋದಿಲ್ಲ. 2017ರಲ್ಲಿ 6,049 ಇದ್ದದ್ದು 2023ರಲ್ಲಿ 6,395 ಆಯಿತು. ಡಿಎನ್‌ಎ ಆಧಾರದ ಹೊಸ ರಾಷ್ಟ್ರೀಯ ಅಂದಾಜು 2025ರಲ್ಲಿ ಬಂದಾಗ ಕರ್ನಾಟಕಕ್ಕೆ 6,013 ಅಂತ ಇತ್ತು. ಎಣಿಸುವ ವಿಧಾನವೇ ಬೇರೆ, ಆದ್ದರಿಂದ ಕಡಿಮೆಯಾಯಿತು ಅನ್ನುವ ಹಾಗಿಲ್ಲ. ಒಟ್ಟು ಸಂಖ್ಯೆ ಎಷ್ಟೇ ಇರಲಿ, ಎಷ್ಟು ಆನೆ ದಾರಿ ತಪ್ಪಿ ಹೊಲಗಳ ನಡುವೆ ಸಿಕ್ಕಿಕೊಂಡಿವೆ ಅನ್ನುವುದನ್ನು ಅದು ಹೇಳುವುದಿಲ್ಲ.

ನೂರು ಚದರ ಕಿಲೋಮೀಟರ್ ಎಲ್ಲಿ ಹೋಯಿತು?

ಪೂರ್ತಿ ಹೊಣೆಯನ್ನು ಅರಣ್ಯ ಇಲಾಖೆಯ ತಲೆಗೆ ಕಟ್ಟುವುದೂ ಅನ್ಯಾಯ. ರಾತ್ರಿಯಿಡೀ ಟಾರ್ಚು, ಪಟಾಕಿ ಹಿಡಿದು ಆನೆ ಹಿಂದೆ ಓಡುವ ವಾಚರ್‌ಗಳಲ್ಲಿ ಎಷ್ಟೋ ಜನ ಹೊರಗುತ್ತಿಗೆಯವರು. ಉದ್ಯಾನದ ಸುತ್ತ ಏನು ಬರಬೇಕು ಅಂತ ತೀರ್ಮಾನಿಸುವವರು ಅವರಲ್ಲ.

ಬನ್ನೇರುಘಟ್ಟದ ಸುತ್ತಲಿನ ಪರಿಸರ ಸೂಕ್ಷ್ಮ ವಲಯವನ್ನೇ ನೋಡಿ. 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು. 2020ರ ಮಾರ್ಚ್‌ನ ಅಂತಿಮ ಅಧಿಸೂಚನೆಯಲ್ಲಿ 168.84 ಆಯಿತು. ಕರಡಿನಲ್ಲಿ ಕೆಲವು ಕಡೆ ನಾಲ್ಕೂವರೆ ಕಿಲೋಮೀಟರ್‌ವರೆಗೆ ಇದ್ದ ಅಗಲ ಕೊನೆಗೆ ಬೆಂಗಳೂರಿನ ಕಡೆ 100 ಮೀಟರ್, ರಾಮನಗರದ ಕಡೆ ಒಂದು ಕಿಲೋಮೀಟರ್‌ಗೆ ಬಂದು ನಿಂತಿತು. ರೈತರಿಗೆ ತೊಂದರೆ ಆಗುತ್ತೆ ಅನ್ನೋ ವಾದ ಆಗ ಜೋರಾಗಿತ್ತು. ಆದರೆ ಈ ವಲಯದಲ್ಲಿ ವ್ಯವಸಾಯಕ್ಕೆ ಅಡ್ಡಿ ಇಲ್ಲ. ನಿಷೇಧ ಬೀಳುವುದು ಗಣಿಗಾರಿಕೆ, ಕ್ರಷರ್‌ನಂಥವುಗಳ ಮೇಲೆ. ವಲಯ ಕುಗ್ಗಿದ್ದರಿಂದ ಲಾಭ ಯಾರಿಗಾಯಿತು ಅಂತ ಊಹಿಸೋದು ಕಷ್ಟವಲ್ಲ.

ಇತ್ತ ಮೇಕೆದಾಟು. ಯೋಜನೆ ಆದರೆ ಸುಮಾರು 5,000 ಹೆಕ್ಟೇರ್ ಕಾಡು ಮುಳುಗುತ್ತದೆ, ಅದರ ಬಹುಪಾಲು ಕಾವೇರಿ ವನ್ಯಧಾಮದ್ದು. ಅಂದರೆ ಬನ್ನೇರುಘಟ್ಟದ ಆನೆ ಇಳಿದು ಹೋಗಬೇಕಾದ ಕಡೆಯ ಕಾಡು. ನೀರು ಬೇಕು ಅನ್ನುವುದರಲ್ಲಿ ಪಕ್ಷಭೇದವಿಲ್ಲ, ಪಾದಯಾತ್ರೆಯೂ ಆಯಿತು. ಆ ಆನೆಗಳು ಎಲ್ಲಿಗೆ ಬರ್ತವೆ ಅನ್ನುವ ಪ್ರಶ್ನೆ ಮಾತ್ರ ಯಾವ ವೇದಿಕೆಯ ಮೇಲೂ ಗಟ್ಟಿಯಾಗಿ ಬರಲಿಲ್ಲ. ಮುಖ್ಯಮಂತ್ರಿ, ಉಪಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ಇದು. ಹೆಸರು ರಾಮನಗರದಿಂದ ಬೆಂಗಳೂರು ದಕ್ಷಿಣ ಅಂತ ಬದಲಾಗಿದೆ. ಆನೆಗೆ ಅದು ಗೊತ್ತಿಲ್ಲ.

“ಎಲ್ಲವನ್ನೂ ಹಿಡಿದು ಬೇರೆ ಕಡೆ ಬಿಡಿ” ಅನ್ನುವ ಊರಿನವರ ಸಿಟ್ಟು ನನಗೆ ಅರ್ಥವಾಗುತ್ತದೆ. ನೆರೆಮನೆಯವರ ಹೆಣ ಹೊತ್ತವರಿಗೆ ಸಹಬಾಳ್ವೆಯ ಪಾಠ ಹೇಳೋದು ಸುಲಭದ ಕೆಲಸ ಅಲ್ಲ, ಸರಿಯೂ ಅಲ್ಲ. ಹೈಕೋರ್ಟ್ ಆದೇಶದಂತೆ ರಚನೆಯಾಗಿ, ರಾಮನ್ ಸುಕುಮಾರ್ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿ ಕೊಟ್ಟ ತಜ್ಞರ ಕಾರ್ಯಪಡೆಯೂ ಆನೆ ಇರಬೇಕಾದ ಜಾಗ, ಜನರ ಜೊತೆ ಇರಬಹುದಾದ ಜಾಗ, ಅಲ್ಲಿಂದ ತೆಗೆಯಲೇಬೇಕಾದ ಜಾಗ ಅಂತ ಮೂರು ವಲಯ ಮಾಡಿತ್ತು. ಹಿಡಿಯುವುದು ಅಗತ್ಯವಾದ ಕಡೆ ಹಿಡಿಯಲಿ. ಆದರೆ ಬಾಗಿಲು ತೆರೆದೇ ಇದ್ದರೆ, ಇವತ್ತು ಹಿಡಿದ ಆನೆಯ ಜಾಗಕ್ಕೆ ನಾಳೆ ಇನ್ನೊಂದು ಬರುತ್ತದೆ.

ನಾವೇ ಬರೆಯಬೇಕಾದ ಅಂಕಪಟ್ಟಿ

ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಒಂದು ಪ್ರಾಧಿಕಾರ ಇದೆ. ಅದರ ಮಂಡಳಿಯಲ್ಲಿ ಐವರನ್ನು ಉದ್ಯಾನದೊಳಗೆ ಬದುಕುವ ಜನರೇ ಮತ ಹಾಕಿ ಆರಿಸುತ್ತಾರೆ. 2022–27ರ ಯೋಜನೆಯಲ್ಲಿ ಗುರಿಗಳನ್ನು ಬರೆದು ಎಲ್ಲರ ಮುಂದಿಟ್ಟಿದ್ದಾರೆ. ಅಲ್ಲಿ ಆನೆ ಇಲ್ಲ, ನಮ್ಮ ಜನಸಾಂದ್ರತೆಯೂ ಇಲ್ಲ, ಹೋಲಿಕೆ ಅಲ್ಲಿಗೇ ನಿಲ್ಲಲಿ. ಆದರೆ ಗುರಿಯನ್ನು ಬಹಿರಂಗವಾಗಿ ಬರೆದು, ಅದರ ಜೊತೆ ಬದುಕುವವರಿಗೆ ಲೆಕ್ಕ ಕೇಳುವ ಜಾಗ ಕೊಡುವುದಕ್ಕೆ ಶ್ರೀಮಂತ ದೇಶವೇ ಆಗಬೇಕಿಲ್ಲ.

ನಮ್ಮಲ್ಲೂ ಕಾಗದದ ಮೇಲೆ ದಾರಿ ಇದೆ. 2020ರ ಅಧಿಸೂಚನೆಯ ಪ್ರಕಾರ ಪರಿಸರ ಸೂಕ್ಷ್ಮ ವಲಯಕ್ಕೆ ಎರಡು ವರ್ಷದೊಳಗೆ, ಅಂದರೆ 2022ರ ಮಾರ್ಚ್ ಹೊತ್ತಿಗೆ, ಸ್ಥಳೀಯರ ಜೊತೆ ಸಮಾಲೋಚಿಸಿ ವಲಯ ಮಾಸ್ಟರ್ ಪ್ಲ್ಯಾನ್ ಆಗಬೇಕಿತ್ತು. ಉಸ್ತುವಾರಿ ಸಮಿತಿ ಪ್ರತಿ ವರ್ಷ ಮಾರ್ಚ್ 31ರವರೆಗಿನ ಕೆಲಸದ ವರದಿಯನ್ನು ಜೂನ್ 30ರೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕೊಡಬೇಕು. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಬೇಕಾದ ಮೊದಲ ಎರಡು ಕಾಗದ ಇವೇ.

ಆಮೇಲೆ ಇಲಾಖೆಯ ಮುಂದೆ ಐದು ಪ್ರಶ್ನೆ ಇಡೋಣ. ಒಂದು, ಈ ವರ್ಷ ಉದ್ಯಾನದ ಹೊರಗೆ ಎಷ್ಟು ಆನೆ, ಎಷ್ಟು ದಿನ ಇದ್ದವು? ಎರಡು, ಎಷ್ಟು ಮರಳಿ ಹೋದವು, ಯಾವ ದಾರಿಯಲ್ಲಿ? ಮೂರು, ತಡೆಗೋಡೆಯಲ್ಲಿ ಬಿಟ್ಟಿರುವ ಕಿಂಡಿಗಳು ಯಾವುವು, ಅವುಗಳ ಎದುರಿನ ಊರಿಗೆ ಏನು ವ್ಯವಸ್ಥೆ? ನಾಲ್ಕು, ಪರಿಹಾರದ ಅರ್ಜಿ ಹಾಕಿದ ದಿನದಿಂದ ಹಣ ಕೈಗೆ ಬರೋಕೆ ಎಷ್ಟು ದಿನ ಹಿಡಿಯಿತು? ಐದು, ಆನೆ ಭಯಕ್ಕೆ ಬೆಳೆ ಬದಲಿಸಿದ, ಹೊಲ ಬೀಳುಬಿಟ್ಟ ಮನೆಗಳು ಎಷ್ಟು? ಐದನೆಯದಕ್ಕೆ ಇಲಾಖೆಯ ಬಳಿ ಕಾಲಂ ಇಲ್ಲದಿದ್ದರೆ ನಾವೇ ಮನೆಮನೆಗೆ ಹೋಗಿ ಬರೆದುಕೊಂಡು ಬರಬಹುದು. ಕಾಲೇಜಿನ ಹತ್ತು ಹುಡುಗ ಹುಡುಗಿಯರಿಗೆ ಎರಡು ಭಾನುವಾರದ ಕೆಲಸ.

ರಾಮನಗರ, ಬನ್ನೇರುಘಟ್ಟ, ಕಾವೇರಿ – ಮೂರೂ ವಿಭಾಗದವರು ಒಂದೇ ದಿನ, ಒಂದೇ ಗ್ರಾಮಸಭೆಯಲ್ಲಿ, ಒಂದೇ ಹಾಳೆಯಲ್ಲಿ ಇದಕ್ಕೆ ಉತ್ತರ ಕೊಡಲಿ. ಪ್ರತಿ ವರ್ಷ ಕೊಡಲಿ. ರಾಗಿ ಕಟಾವಿಗೆ ಮುಂಚೆ ಕೊಟ್ಟರೆ ಇನ್ನೂ ಒಳ್ಳೇದು, ಆನೆ ಬರುವುದಕ್ಕೆ ಮುಂಚೆಯೇ ಅದರ ಬಗ್ಗೆ ಮಾತಾಡಿದ ಹಾಗಾಗುತ್ತದೆ.