ಓಣಿಯ ಹಾಡು ಯಾರದು?

2023ರ ಬೇಸಿಗೆ ರಜೆಯಲ್ಲಿ, ಚುನಾವಣೆ ಡ್ಯೂಟಿಯ ಕರೆ ಬರುವ ಮೊದಲು, ಮಗಳ ಮನೆಗೆಂದು ಬೆಂಗಳೂರಿಗೆ ಹೋದವಳು ಒಂದು ರಾತ್ರಿ ಒಂಬತ್ತಕ್ಕೆ ಚಾಮರಾಜಪೇಟೆಯ ರಸ್ತೆಬದಿಯಲ್ಲಿ ಒಬ್ಬಳೇ ನಿಂತು ಹಾಡು ಕೇಳಿ ಬಂದೆ. ಇದರಲ್ಲೇನು ದೊಡ್ಡಸ್ತಿಕೆ ಎನ್ನಬೇಡಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಯಾವ ಓಣಿಯಲ್ಲಾದರೂ ನನ್ನ ವಯಸ್ಸಿನ ಹೆಂಗಸೊಬ್ಬಳು ಹಾಗೆ ನಿಂತದ್ದನ್ನು ಈಚೆಗೆ ಕಂಡಿದ್ದರೆ ಹೇಳಿ, ಈ ಬರಹವನ್ನು ಹರಿದು ಒಲೆಗೆ ಹಾಕುತ್ತೇನೆ.

ಅಲ್ಲಿನ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರ ರಾಮನವಮಿ ಸಂಗೀತೋತ್ಸವ. 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾವ್ ಅವರು ಶುರು ಮಾಡಿದ್ದು. ಎಂ. ಎಸ್. ಸುಬ್ಬುಲಕ್ಷ್ಮಿ, ನಮ್ಮ ಕಡೆಯ ಭೀಮಸೇನ ಜೋಶಿ ಹಾಡಿದ ಉತ್ಸವ. ಟಿಕೇಟು ತೆಗೆದವರು ಪೆಂಡಾಲಿನ ಒಳಗೆ ಕುರ್ಚಿಯ ಮೇಲೆ, ಉಳಿದವರು ಹೊರಗೆ. ನಾನು ಹೊರಗಿನವಳು. ರಿಕ್ಷಾದವನೊಬ್ಬ ಹಿಂದಿನ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದ. ಮಲ್ಲಿಗೆ ಮಾರುವಾಕೆ ಮೊಳ ಅಳೆಯುತ್ತಲೇ ತಾಳ ಹಾಕುತ್ತಿದ್ದಳು. ನೈಟಿಯ ಮೇಲೊಂದು ಟವೆಲ್ಲು ಹೊದ್ದ ಗೃಹಿಣಿ ಹಾಲಿನ ಪಾಕೀಟು ಕೈಯಲ್ಲಿ ಹಿಡಿದೇ ನಿಂತುಬಿಟ್ಟಿದ್ದಳು. ಹಾಲು ಒಡೆದಿತೇನೋ ಎಂದು ನನಗೇ ಚಿಂತೆ. ಊರವರೆಲ್ಲ "ಏನು ಸೆಕೆ, ಏನು ಸೆಕೆ" ಅನ್ನುತ್ತಿದ್ದರು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಏರಿದ್ದನ್ನೇ ಇನ್ನೂ ಕತೆಯಾಗಿ ಹೇಳುವ ಜನ. ನಮ್ಮ ಬಿಸಿಲು ಕಂಡವರಿಗೆ ನಗು ಬಾರದೆ? ಆದರೆ ಅಷ್ಟು ಹೊತ್ತು ನಿಂತರೂ ನನ್ನನ್ನು ಒಬ್ಬರೂ "ಯಾಕೆ ನಿಂತೀರಿ, ಯಾರ ಪೈಕಿ" ಎಂದು ಕೇಳಲಿಲ್ಲ.

ನಮ್ಮಲ್ಲಾಗಿದ್ದರೆ ಮರುದಿನ ಸ್ಟಾಫ್ ರೂಮಿನಲ್ಲೇ ಕೇಳುತ್ತಿದ್ದರು: "ಯಾಕ್ರೀ ಟೀಚರ್, ಮನ್ಯಾಗ ಎಲ್ಲಾ ಸಮ ಐತಿಲ್ಲೋ?"

ಮೊದಲು ಹೀಗಿರಲಿಲ್ಲ. ನಾನು ಬನಹಟ್ಟಿಯ ನೇಕಾರರ ಓಣಿಯಲ್ಲಿ ಬೆಳೆದವಳು. ಬೇಸಿಗೆಯಲ್ಲಿ ಮಗ್ಗದ ಸದ್ದು ನಿಂತ ಮೇಲೆ ಶ್ರೀಕೃಷ್ಣ ಪಾರಿಜಾತ ಶುರುವಾದರೆ ಬೆಳ್ಳಿ ಮೂಡುವ ತನಕ. ಅವ್ವಂದಿರು, ಅಜ್ಜಿಯರು ಕೌದಿ ಹೊತ್ತು ಸಂಜೆಗೇ ಜಾಗ ಹಿಡಿಯುತ್ತಿದ್ದರು. ಸತ್ಯಭಾಮೆ ಸಿಟ್ಟಿಗೆದ್ದು ಕೃಷ್ಣನಿಗೆ ಬಾಗಿಲು ಹಾಕಿಕೊಂಡಾಗ ನಮ್ಮಜ್ಜಿ ಕೂತಲ್ಲಿಂದಲೇ "ತಗೀಬ್ಯಾಡ ಬಾಗಲಾ" ಎಂದು ಕೂಗುತ್ತಿದ್ದಳು. ಮನೆಯಲ್ಲಿ ಗಂಡನೆದುರು ಜೀವಮಾನವಿಡೀ ಗಟ್ಟಿ ಮಾತಾಡದ ಮುದುಕಿ! ಕೌಜಲಗಿ ನಿಂಗಮ್ಮ ಪಾರಿಜಾತದ ಅಟ್ಟ ಏರಿ ಹೆಸರು ಮಾಡಿದ್ದನ್ನು ಅವರೆಲ್ಲ ನಮ್ಮ ಮನೆಮಗಳ ಸುದ್ದಿಯಂತೆ ಹೇಳುತ್ತಿದ್ದರು.

ಈಗ ಅದೇ ಓಣಿಯಲ್ಲಿ ಡಾಲ್ಬಿ. ಎದೆ ನಡುಗುತ್ತದೆ, ಕಿಟಕಿಯ ಗಾಜು ನಡುಗುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಬೇಡವೆನ್ನುತ್ತದೆ; ಓದಿಸಿದವಳು ನಾನು, ಓದಿದ ಹುಡುಗರೇ ಹಚ್ಚುತ್ತಾರೆ. ಆದರೆ ನನ್ನ ತಕರಾರು ಸದ್ದಿನದಲ್ಲ. ಆ ಮೆರವಣಿಗೆಯಲ್ಲಿ ಕುಣಿಯುವವರೆಲ್ಲ ಗಂಡು, ನಾವು ಮಾಳಿಗೆಯ ಮೇಲೆ ಸೆರಗು ಕಿವಿಗೆ ಒತ್ತಿಕೊಂಡು ನಿಂತವರು. ಓಣಿ ನಮ್ಮ ಕೈಬಿಟ್ಟದ್ದು ಯಾವಾಗ?

"ಕಾಲ ಕೆಟ್ಟೈತಿ, ಹೆಣ್ಣುಮಕ್ಕಳಿಗೆ ಭದ್ರತೆ ಇಲ್ಲ" ಎನ್ನುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಐವತ್ತು ಜನ ಹೆಂಗಸರು ಕೌದಿ ಹಾಸಿ ಕೂತ ಬೀದಿಯಲ್ಲಿ ಯಾವ ಪುಂಡನಿಗೆ ಧೈರ್ಯವಿತ್ತು? ನಾವು ಎದ್ದು ಬಂದೆವು, ಆಮೇಲೆ ಬೀದಿ ಕೆಟ್ಟಿತು. ಟೀವಿ ಬಂತು ಎನ್ನುವುದೂ ಅರ್ಧ ಮಾತು. ಟೀವಿ ಬೆಂಗಳೂರಿಗೂ ಬಂದಿದೆಯಲ್ಲ.

ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ 1943ರ 'ಕಿಸ್ಮತ್' ಚಿತ್ರದಲ್ಲಿ ಹಾಡಿ ದೇಶಕ್ಕೆಲ್ಲ ಹೆಸರಾದಳು. 1965ರಲ್ಲಿ ತೀರಿಕೊಂಡಳು. ಭಾಷಣಗಳಲ್ಲಿ ಅವಳು "ನಮ್ಮ ಮಣ್ಣಿನ ಕೋಗಿಲೆ". ನಾನೂ ಶಾಲೆಯ ವೇದಿಕೆಯಲ್ಲಿ ಹಾಗೆಂದವಳೇ. ಆದರೆ ಓಣಿಯಲ್ಲಿ ಹಾಡುವೆನೆಂದ ಹುಡುಗಿಗೆ ನಾನು ಏನು ಹೇಳಿದೆ ಎಂಬುದನ್ನೂ ಇಲ್ಲಿ ಬರೆಯಲೇಬೇಕು.

2011ರ ಮಾತು. ಒಂಬತ್ತನೆಯ ತರಗತಿ ಮುಗಿಸಿದ್ದ ನನ್ನ ವಿದ್ಯಾರ್ಥಿನಿ. ಪ್ರಾರ್ಥನೆಗೆ ಅವಳು ನಿಂತರೆ ಹೆಡ್‌ಮಾಸ್ತರರೂ ಗಡಿಯಾರ ನೋಡುತ್ತಿರಲಿಲ್ಲ. ಅವರ ಓಣಿಯ ಹನಮಪ್ಪನ ಓಕಳಿಯಲ್ಲಿ ರಾತ್ರಿ ಹಾಡಲು ಕರೆದಿದ್ದರು. ತಾಯಿ ನನ್ನನ್ನು ಕೇಳಲು ಬಂದಳು, ಮಾಸ್ತರಬಾಯಿ ಹ್ಞೂಂ ಅಂದರೆ ಕಳಿಸೋಣವೆಂದು. "ಮುಂದ ಎಸ್ಸೆಸ್ಸೆಲ್ಸಿ ಐತಿ. ಬೀದ್ಯಾಗ ಹಾಡೂದು ಹೆಣ್ಣುಹುಡುಗಿಗೆ ಬೇಕಾಗಿಲ್ಲ" ಎಂದೆ. ರಜೆಯ ದಿನಗಳು, ಓದಿನ ನೆಪಕ್ಕೂ ಅರ್ಥವಿರಲಿಲ್ಲ. ಬಿ.ಎ., ಬಿ.ಎಡ್. ಓದಿದ ನಾನು ನನ್ನಜ್ಜಿಗಿಂತ ಹಿಂದೆ ನಿಂತಿದ್ದೆ. ಎಂಟು ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು, ಸೊಂಟದ ಮೇಲೆ ಕೂಸು. "ಹಾಡ್ತೀಯೇನವಾ?" ಎಂದೆ. "ನೀವ ಬ್ಯಾಡಂದಿದ್ರೆಲ್ರೀ ಟೀಚರ್" ಎಂದು ನಕ್ಕಳು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಚಾಮರಾಜಪೇಟೆಯಲ್ಲಿ ನಿಂತಾಗ ಕಿವಿಯಲ್ಲಿ ಇದ್ದದ್ದು ಪೆಂಡಾಲಿನ ಹಾಡೊಂದೇ ಅಲ್ಲ.

ಈ ಸಲ ಓಕಳಿಯ ಪಟ್ಟಿ ಎತ್ತಲು ಓಣಿಯ ಹುಡುಗರು ಬಂದರು. ಐನೂರು ರೂಪಾಯಿ ಕೊಡುತ್ತೇನೆ, ಒಂದು ರಾತ್ರಿ ಎರಡು ತಾಸು ಡಾಲ್ಬಿ ಬಂದಾಗಬೇಕು, ಮುಂದೆ ಜಮಖಾನೆ ಹಾಸಿ ಹೆಂಗಸರಿಗೆ ಜಾಗ, ಹಾಡುವವರು ನಮ್ಮ ಹುಡುಗಿಯರೇ ಎಂದೆ. ಒಬ್ಬ ನಕ್ಕ. ಇನ್ನೊಬ್ಬ, ನನ್ನ ಹಳೆಯ ವಿದ್ಯಾರ್ಥಿಯೇ, "ಹೆಂಗಸರು ಬರ್ತಾರೇನ್ರೀ ಟೀಚರ್?" ಎಂದು ಕೇಳಿದ.

ನಾನು ಬರುತ್ತೇನೆ ಎಂದಿದ್ದೇನೆ. ಎದುರುಮನೆಯವರನ್ನೂ ಪಕ್ಕದ ಮನೆಯವರನ್ನೂ ಇನ್ನೂ ಕೇಳುತ್ತಿದ್ದೇನೆ. ಒಬ್ಬರು ಗಂಡನನ್ನು ವಿಚಾರಿಸಿ ಹೇಳುವೆನೆಂದಿದ್ದಾರೆ. ಐನೂರು ರೂಪಾಯಿ ಪರ್ಸಿನಲ್ಲೇ ಇದೆ.