ಸರ್ವಿಸ್ ಆದ ಕಾರನ್ನು ಒಮ್ಮೆ ನೋಡಿಕೊಳ್ಳಿ

ಕಂಪನಿಯ ಶೋರೂಮಿನಲ್ಲೇ ಸರ್ವಿಸ್ ಮಾಡಿಸಿದರೆ ಕಾರಿನ ಬಗ್ಗೆ ಚಿಂತೆಯೇ ಇಲ್ಲ ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ.

ಈ ವರ್ಷ ನಮ್ಮ ಮಾಮನ ಕಾರು ಸರ್ವಿಸ್‌ನಿಂದ ಬಂದ ಮರುದಿನ ಅಂಗಳದಲ್ಲಿ ಆಯಿಲ್ ಹರಡಿತ್ತು. ಹಳೆ ಆಯಿಲ್ ಇಳಿಸುವ ಬೋಲ್ಟನ್ನು ಸರಿಯಾಗಿ ಬಿಗಿದಿರಲಿಲ್ಲ. ಹಾಗೆಯೇ ಓಡಿಸಿದ್ದರೆ ಎಂಜಿನ್ ಕೆಡುತ್ತಿತ್ತು. ಚಕ್ರದ ನಟ್ಟು ಸಡಿಲವಾಗಿದ್ದರಂತೂ ಜೀವಕ್ಕೇ ಅಪಾಯ.

ಇಂಥ ತಪ್ಪಾದಾಗ ಬೈಗುಳ ಬೀಳುವುದು ಸ್ಪ್ಯಾನರ್ ಹಿಡಿದ ಹುಡುಗನಿಗೆ. ನಮ್ಮಲ್ಲಿ ಎಷ್ಟೋ ಜನರ ಅಣ್ಣಂದಿರು ಗ್ಯಾರೇಜಿನಲ್ಲೇ ದುಡಿಯುವವರು. ಸಾಲಾಗಿ ನಿಂತ ಕಾರುಗಳನ್ನು ಸಂಜೆಯೊಳಗೆ ಮುಗಿಸಿಕೊಡುವ ಅವಸರದಲ್ಲಿ ಯಾರ ಕೈಯಲ್ಲಾದರೂ ಒಂದು ಬೋಲ್ಟ್ ಉಳಿದುಹೋಗಬಹುದು. ಒಬ್ಬ ಬಿಗಿದದ್ದನ್ನು ಇನ್ನೊಬ್ಬ ಪರೀಕ್ಷಿಸಿ ಸಹಿ ಹಾಕಿದರೆ ಆ ತಪ್ಪು ಅಲ್ಲೇ ಸಿಗುತ್ತದೆ. ಆ ವ್ಯವಸ್ಥೆ ಮಾಡುವ ಹೊಣೆ ಮಾಲೀಕರದು.

ನಾವೂ ಸುಮ್ಮನಿರಬೇಕಿಲ್ಲ. ಜಾಬ್ ಕಾರ್ಡನ್ನು ಬಿಲ್ಲಿನೊಂದಿಗೆ ಹೋಲಿಸಿ. ಬದಲಿಸಿದ ಹಳೆಯ ಫಿಲ್ಟರ್ ತೋರಿಸಲು ಹೇಳಿ. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆಯಾದರೂ ತೊಂದರೆ, ಹೆಚ್ಚಾದರೂ ತೊಂದರೆ. ದೂರು ಕೊಟ್ಟರೂ ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಸೇವೆಯಲ್ಲಿನ ಲೋಪಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಪರಿಹಾರ ಕೇಳಬಹುದು.

ಗೆಳೆಯರೇ, ಮನೆಯ ಕಾರು ಮುಂದಿನ ಸಲ ಸರ್ವಿಸ್‌ಗೆ ಹೋದಾಗ ಈ ಪರಿಶೀಲನೆಯ ಕೆಲಸವನ್ನು ನಾವೇ ವಹಿಸಿಕೊಳ್ಳೋಣ. ಇದಕ್ಕೆ ಹತ್ತು ನಿಮಿಷ ಸಾಕು.